ಕೊನೆಯ ಕಾಲಂ

ಫೆಬ್ರವರಿಯ ಎರಡನೇ ಮಂಗಳವಾರ, ಸಂಜೆ ಏಳು.
ಹಾರ್ಲನ್ ಫೆರಿ ನಗರಸಭೆಯ ಹೀಟರು
ಕೆಮ್ಮಿ ಕೆಮ್ಮಿ ಕೊನೆಗೂ ಹೊತ್ತಿಕೊಂಡಿದೆ.
ಬೂಟುಗಳಿಗಂಟಿ ಒಳಬಂದ ಹಿಮ
ನನ್ನ ಮೇಜಿನ ಕಾಲ ಬಳಿ ಕರಗುತ್ತಿದೆ.
ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗುಮಾಸ್ತೆ ನಾನು.

ಮುಂದೊಂದು ಪಟ್ಟಿ:
ಮಸೂದೆಯ ಸಂಖ್ಯೆ, ವಿಷಯ, ನಮ್ಮ ತಲೆಗೆ ಬೀಳುವ ಖರ್ಚು.
ಕೊನೆಯ ಕಾಲಂ ಖಾಲಿ. ತಲೆಬರಹ: ನಿಲುವು.
ಅಲ್ಲಿ ಬರೆಯಬಹುದಾದ ಮಾತು ನಾಲ್ಕೇ:
ಬೆಂಬಲ. ವಿರೋಧ. ತಿದ್ದಿದರೆ ಸರಿ. ಕಾದು ನೋಡುವುದು.
ಮನೆಯಲ್ಲಿ ಗಂಡನೊಂದಿಗೇ ನನಗೆ
ಇದಕ್ಕಿಂತ ಹೆಚ್ಚು ನಿಲುವುಗಳಿವೆ.
ಏನು ಮಾಡಲಿ, ಕಾಲಮಿನ ಅಗಲ ಒಂದೂಕಾಲು ಇಂಚು.

ಮೊದಲನೆಯದು ಕೊಳಚೆ ನೀರು.
ತಿಂಗಳಿಗೊಂದು ಪರೀಕ್ಷೆ ಸಾಲದು, ವಾರಕ್ಕೊಂದಾಗಲಿ
ಎನ್ನುತ್ತದೆ ಒಲಿಂಪಿಯಾ.
ಹೊಳೆಯ ಮೀನಿಗೆ ಒಳ್ಳೆಯದೇ.
ಆದರೆ ಸೀಸೆಗೆ, ಪ್ರಯೋಗಾಲಯಕ್ಕೆ,
ನೂರೆಂಟು ಮೈಲಿ ಓಡುವ ವ್ಯಾನಿಗೆ
ಕೊಡುವವರು ಯಾರೆಂದು
ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ.
ಖಜಾನೆಯ ಒಕುಬೊ ಕನ್ನಡಕ ಒರೆಸಿದರು:
"ಹಾಸಿಗೆ ನಮ್ಮದು, ಚಾಚುವ ಕಾಲು ಅವರದು."
ಅವರ ಬೊಕ್ಕಸ ಸೋರಿದರೆ ಅತ್ತೆ ಒಡೆದ ಹಳೇ ಗಡಿಗೆ.
ನಮ್ಮದು ಸೋರಿದರೆ ಲೆಕ್ಕಪರಿಶೋಧನೆ.
ಬರೆದೆ: ತಿದ್ದಿದರೆ ಸರಿ.

ಎರಡನೆಯದು: ನಗರದ ಪ್ರತಿ ಪ್ರಕಟಣೆಯೂ
ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗತಕ್ಕದ್ದು.
ನಮ್ಮೂರ ಪತ್ರಿಕೆ ನಿಂತು ನಾಲ್ಕು ವರ್ಷ.
ಆ ಕಟ್ಟಡದಲ್ಲೀಗ ನಾಯಿಗಳಿಗೆ ಸ್ನಾನ ಮಾಡಿಸುತ್ತಾರೆ.
ಸಭೆ ನಕ್ಕಿತು. ವಿರೋಧ.

ಮೂರನೆಯದಕ್ಕೆ ಯಾರೂ ನಗಲಿಲ್ಲ.
ಬೆಂಕಿ ಆರಿಸುವವರಿಗೆ ಕ್ಯಾನ್ಸರ್ ಬಂದರೆ
ಕೆಲಸದಿಂದಲೇ ಬಂತೆಂದು ತಿಳಿಯತಕ್ಕದ್ದು,
ನಿವೃತ್ತರಾಗಿ ಹತ್ತು ವರ್ಷ ಕಳೆಯುವವರೆಗೂ.
ಖರ್ಚು: ಆಯಾ ನಗರ.

ನಗರಗಳ ಒಕ್ಕೂಟ ಮಾದರಿ ಪತ್ರ ಕಳಿಸಿತ್ತು.
ಬಿಟ್ಟ ಸ್ಥಳದಲ್ಲಿ ಊರಿನ ಹೆಸರು ತುಂಬಿದವಳು ನಾನೇ,
ಮಧ್ಯಾಹ್ನ, ಸೂಪು ಕುಡಿಯುತ್ತ.
"ಅವರ ಸೇವೆಯನ್ನು ಅಪಾರವಾಗಿ ಗೌರವಿಸುತ್ತೇವೆ. ಆದಾಗ್ಯೂ..."
ಆ ಆದಾಗ್ಯೂ ಎಷ್ಟು ಸಲೀಸಾಗಿ ಬೆರಳಿಗೆ ಬಂತು.

ಮೂರನೇ ಸಾಲಿನಲ್ಲಿ ಆರಿನ್ ಟ್ವೇಟ್,
ಟೋಪಿ ತೊಡೆಯ ಮೇಲೆ.
ಸೇಬಿನ ಗೋದಾಮು ಉರಿದ ರಾತ್ರಿ
ಕೀಟನಾಶಕದ ಮೂಟೆಗಳು ಹಸಿರು ಹೊಗೆ ಕಾರುವಾಗ
ಮೂರು ಸಲ ಒಳಹೋಗಿದ್ದ.
ಮೂರನೇ ಸಲ ಅವನ ಹೆಗಲ ಮೇಲಿದ್ದವಳು
ರಾತ್ರಿಪಾಳಿಯ ಎಲಿಡಾ ಬರಾಗಾನ್.
ಈಗವಳು ಎಡಗಡೆಯ ಕುರ್ಚಿಯಲ್ಲಿ, ಎರಡನೇ ವಾರ್ಡಿನ ಸದಸ್ಯೆ.

ಒಕುಬೊ ಲೆಕ್ಕ ಓದಿದರು, ತಲೆ ಎತ್ತದೆ:
ಒಬ್ಬರ ಚಿಕಿತ್ಸೆ ಎಂದರೆ
ಎರಡು ವರ್ಷದ ಬೀದಿದೀಪ,
ಜೊತೆಗೆ ಶನಿವಾರದ ಗ್ರಂಥಾಲಯ.
ಒಳ್ಳೆಯ ಮನುಷ್ಯ ಒಕುಬೊ. ಲೆಕ್ಕವೂ ಸುಳ್ಳಲ್ಲ.

"ಆರಿನ್, ನೀನೇನಾದರೂ ಹೇಳ್ತೀಯಾ?" ಎಲಿಡಾ ಕೇಳಿದಳು.
ಅವನು ಎದ್ದ. ಕೆಮ್ಮಿದ. ಹೀಟರು ಸುಮ್ಮನಿತ್ತು.
"ನಾಲ್ಕನೇ ಪುಟ ನೋಡಿ. ಸಂಬಳದವರಿಗೆ ಮಾತ್ರ ಇದು.
ನಾನು ಸ್ವಯಂಸೇವಕ. ನನಗೆ ಸಂಬಂಧವಿಲ್ಲ.
ಇಲ್ಲಿ ಬೆಚ್ಚಗಿರುತ್ತೆ ಅಂತ ಬಂದೆ."
ಕೂತ.

ಪುಟ ಮಗುಚುವ ಸದ್ದು, ಐದು ಕಡೆಯಿಂದ.
ಸಂಬಳದವರು ನಮ್ಮಲ್ಲಿ ಇಬ್ಬರು. ಬಿಟ್ಟಿಯವರು ಹತ್ತೊಂಬತ್ತು.
ಮಾದರಿ ಪತ್ರಕ್ಕೆ ಅದು ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು.

"ತಿದ್ದಿದರೆ ಸರಿ" ಎಂದಳು ಎಲಿಡಾ.
"ಸ್ವಯಂಸೇವಕರನ್ನೂ ಸೇರಿಸಲಿ, ಹಣ ರಾಜ್ಯವೇ ಕೊಡಲಿ.
ಎರಡೂ. ಒಂದೇ ಆದರೆ ಬೇಡ."
ಮೂರಕ್ಕೆ ಎರಡು ಮತ. ಒಕುಬೊ ನಿಟ್ಟುಸಿರಿಟ್ಟರು,
ಸಮಾಧಾನವೋ ದಿಗಿಲೋ ತಿಳಿಯಲಿಲ್ಲ.

ಕೊನೆಯ ಕಾಲಮಿನಲ್ಲಿ ಅಷ್ಟೆಲ್ಲ ಹಿಡಿಸಲಿಲ್ಲ.
ಅಕ್ಷರ ಸಣ್ಣದು ಮಾಡಿದೆ, ಇನ್ನೂ ಸಣ್ಣದು.
ಒಲಿಂಪಿಯಾದಲ್ಲಿ ಯಾರೋ ಹುಡುಗಿ
ಕಣ್ಣು ಕಿರಿದು ಮಾಡಿ ಓದಬೇಕು,
ಇಲ್ಲವೇ ಪುಟ ಮಗುಚಬೇಕು.

ಮೇಯರ್ ಗಂಟಲು ಸರಿಪಡಿಸಿಕೊಂಡರು:
ನಾಲ್ಕನೆಯದು, ಪಾರ್ಕಿನ ಹೆಬ್ಬಾತುಗಳ ಹಿಕ್ಕೆ.
ಹೀಟರು ಮತ್ತೆ ಕೆಮ್ಮಿತು.
ಮೂರನೇ ಸಾಲಿನಲ್ಲಿ ಆರಿನ್ ಟ್ವೇಟ್
ಆಗಲೇ ತೂಕಡಿಸುತ್ತಿದ್ದ.